ಕೆಂಜಗಲಿಗೆ ನಿಂತವಳು

ಆ ಊರಿನಲ್ಲಿ ಯಾರೂ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಕೆಲಸ ಕೇಳಿಕೊಂಡು ಬಂದವನಿಗೂ, ಹೆಣ್ಣು ಕೇಳಿಕೊಂಡು ಬಂದವನಿಗೂ, ನ್ಯಾಯ ಕೇಳಿಕೊಂಡು ಬಂದವನಿಗೂ ‘ತಿರುಗಿ ನಿಲ್ಲು’ ಎನ್ನುತ್ತಿದ್ದರು. ತಿರುಗಿ ನಿಂತರೆ ಉಟ್ಟ ಬಟ್ಟೆಯ ಹಿಂಭಾಗ, ಅಂದರೆ ಕೂತಾಗ ನೆಲಕ್ಕೆ ತಾಗುವ ಜಾಗ, ಕಾಣುತ್ತಿತ್ತು. ಅಲ್ಲಿ ಕೆಂಪಿದ್ದರೆ ಮಾತು ಮುಂದಕ್ಕೆ ಹೋಗುತ್ತಿತ್ತು. ಇಲ್ಲದಿದ್ದರೆ ಬಂದವರು ಬಂದ ದಾರಿ ಹಿಡಿಯಬೇಕಾಗಿತ್ತು.

ಕೆಂಪು ಬರುತ್ತಿದ್ದುದು ಗುಡ್ಡದ ಮೇಲಿನ ಕೆಂಜಗಲಿಯಿಂದ. ಕೆಮ್ಮಣ್ಣು ಸಾರಿಸಿದ ಉದ್ದನೆಯ ನೆಲ, ಸಾಲು ಕಂಬ, ಒಂದೇ ಬಾಗಿಲು. ಸೇರಿದ ದಿನ ಮಗುವಿಗೆ ಒಂದು ಬಿಳಿ ಬಟ್ಟೆ ಕೊಡುತ್ತಿದ್ದರು. ಏಳು ವರ್ಷ ಅದನ್ನೇ ಉಟ್ಟು, ಆ ನೆಲದ ಮೇಲೆ ಕೂತು, ಒಳಗಿನ ಗುರುಗಳ ಪಾಠ ಕೇಳಿದರೆ ಹತ್ತಿದ ಕೆಂಪು ಯಾವ ಬಂಡೆಗೆ ಒಗೆದರೂ ಬಿಡುವುದಿಲ್ಲ ಎಂದು ಜನ ನಂಬಿದ್ದರು. ಪಾಠ ಎಷ್ಟು ಹತ್ತಿತು ಎಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ಕೆಂಜಗಲಿಗೆ ಒಂದು ಕಟ್ಟಳೆಯಿತ್ತು. ಒಬ್ಬರು ಕೂರಬೇಕಾದರೆ ಒಬ್ಬರು ನಿಲ್ಲಬೇಕು. ಮಗು ಏಳು ವರ್ಷ ಕೂತರೆ ಅದರ ಮನೆಯವರಲ್ಲೊಬ್ಬರು ಏಳು ವರ್ಷ ಕೂರಬಾರದು. ನಿಲ್ಲಬಹುದು, ನಡೆಯಬಹುದು, ಮಲಗಬಹುದು, ಕೂರುವ ಹಾಗಿಲ್ಲ. ಹಾಗಾದರೆ ಬಯಲಿಗೆ ಹೋದಾಗ ಏನು ಮಾಡುತ್ತಿದ್ದರು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಕುಕ್ಕರಗಾಲಿನಲ್ಲಿದ್ದರೆ ಕೂತಂತಲ್ಲ, ನೆಲಕ್ಕೆ ತಾಗಿದರೆ ಮಾತ್ರ ಕೂತಂತೆ ಎಂದು ಹಿರಿಯರು ಯಾವತ್ತೋ ತೀರ್ಪು ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದರು. ದೊಡ್ಡಮನೆಗಳವರಿಗೆ ಈ ತಾಪತ್ರಯವೂ ಇರಲಿಲ್ಲ. ಅವರು ಒಬ್ಬ ಆಳನ್ನು ಮನೆಯವನೆಂದು ಬರೆಸಿ ನಿಲ್ಲಿಸಿ, ತಾವು ಉಯ್ಯಾಲೆಮಣೆಯ ಮೇಲೆ ಕೂತಿರುತ್ತಿದ್ದರು.

ಊರಿನ ತಗ್ಗಿನ ಓಣಿಯಲ್ಲಿ ಚಾಪೆ ಹೆಣೆಯುವವಳೊಬ್ಬಳಿದ್ದಳು. ಎಲ್ಲರೂ ಅವಳನ್ನು ಚಾಪೆಯವ್ವ ಎನ್ನುತ್ತಿದ್ದರು. ಗಂಡನಿಲ್ಲ, ಒಬ್ಬಳೇ ಮಗಳು. ಚಾಪೆಯವ್ವ ತನ್ನ ತಾಯಿಯ ಬೆನ್ನು ಮಗ್ಗದ ಮೇಲೆ ಬಾಗಿ ಬಾಗಿ ಬಿಲ್ಲಾದದ್ದನ್ನು ನೋಡಿದ್ದಳು, ತನ್ನ ಬೆನ್ನು ಅದೇ ದಾರಿ ಹಿಡಿದದ್ದನ್ನೂ ನೋಡಿದ್ದಳು. ಮಗಳು ಮಾತ್ರ ಕೆರೆಯ ತೂಬಿನ ಮೇಲೆ ನೆಟ್ಟಗೆ ನಿಂತು, ಯಾವ ಗದ್ದೆಗೆ ಎಷ್ಟು ನೀರು ಎಂದು ಹೇಳುವವಳಾಗಬೇಕು ಎಂಬುದು ಅವಳ ಆಸೆ. ತೂಬಿನ ಕೆಲಸ ಕೆಂಪಿದ್ದವರಿಗೇ ಸಿಗುವುದು. ‘ಮೂಗಿಗಿಂತ ಮೂಗುತಿ ಭಾರವಾಯ್ತು ಕಣೇ’ ಎಂದು ಓಣಿಯವರು ಆಡಿಕೊಂಡರು. ಅವಳು ಮಗಳನ್ನು ಕರೆದುಕೊಂಡು ಗುಡ್ಡ ಹತ್ತಿ, ಬಾಗಿಲು ಕಾಯುವವನ ಎದುರು ತನ್ನ ಹೆಸರು ಹೇಳಿ, ಅವತ್ತಿನಿಂದ ನಿಂತಳು.

ಬಾಗಿಲು ಕಾಯುವವನು ಅವಳಿಗೆ ಗಟ್ಟಿ ಗಂಜಿ ಹಾಕಿದ ಸೀರೆ ಕೊಟ್ಟ. ಒಂದೇ ಒಂದು ಸಲ ಕೂತರೂ ಅದರ ಮೇಲೆ ಸುಕ್ಕು ಬೀಳುತ್ತಿತ್ತು. ವಾರಕ್ಕೊಮ್ಮೆ ಅವನು ಓಣಿಗೆ ಇಳಿದು ಬಂದು ನಿಂತವರ ಸೀರೆಯನ್ನೂ ಪಂಚೆಯನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಚಾಪೆಯವ್ವನ ಸೀರೆಯಲ್ಲಿ ಅವನಿಗೆ ಒಂದು ಗೆರೆಯೂ ಸಿಗಲಿಲ್ಲ.

ಚಾಪೆ ಹೆಣೆಯುವುದು ಕೂತು ಮಾಡುವ ಕೆಲಸ. ಅವಳು ನೆಲದ ಮೇಲಿದ್ದ ಮಗ್ಗವನ್ನು ಗೋಡೆಗೆ ಎತ್ತಿ ಕಟ್ಟಿ, ನಿಂತೇ ಜೊಂಡು ಪೋಣಿಸುವುದನ್ನು ಕಲಿತಳು. ನಿಂತು ಉಣ್ಣುವುದನ್ನು ಕಲಿತಳು, ನಿಂತು ಅಳುವುದನ್ನೂ ಕಲಿತಳು. ಮಲಗಿದವಳು ಏಳುವಾಗ ಮಗ್ಗುಲಿಗೆ ಹೊರಳಿ, ಬೋರಲಾಗಿ, ಕೈಯೂರಿ ಗೋಡೆ ಹಿಡಿದು ಏಳುತ್ತಿದ್ದಳು. ಮೊದಲ ವರ್ಷ ಪಾದ ನೋಯಿತು. ಎರಡನೆಯ ವರ್ಷ ಮಂಡಿ ನೋಯಿತು. ಮೂರನೆಯ ವರ್ಷ ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗದಂತಾಯಿತು. ಊರಿಗೆಲ್ಲ ಕೂರಲು ಚಾಪೆ ಹೆಣೆದು ಕೊಟ್ಟು ತಾನು ನಿಂತೇ ಇದ್ದಳು.

ಮಗಳು ಗುಡ್ಡದ ಮೇಲೆ ಕೂತಿದ್ದಳು, ಆದರೆ ಎಲ್ಲಿ? ದೊಡ್ಡಮನೆಯ ಮಕ್ಕಳಿಗೆ ಗುರುಗಳ ಎದುರು, ಓಣಿಯ ಮಕ್ಕಳಿಗೆ ಕಡೆಯ ಕಂಬದ ಹಿಂದೆ. ಅಲ್ಲಿಗೆ ಗುರುಗಳ ಮಾತು ಅರ್ಧ ಬರುತ್ತಿತ್ತು, ಮಿಕ್ಕರ್ಧವನ್ನು ಕಂಬ ಕೇಳಿಸಿಕೊಳ್ಳುತ್ತಿತ್ತು. ಅಲ್ಲಿ ಸಾರಣೆಯೂ ತೆಳು. ನಾಲ್ಕು ವರ್ಷ ಕೂತರೂ ಮಗಳ ಬಟ್ಟೆಗೆ ಹತ್ತಿದ್ದು ತಿಳಿ ಕೆಂಪು. ಚಾಪೆಯವ್ವ ದಿನವೂ ಮಗಳನ್ನು ಬಾಗಿಲ ಬೆಳಕಿಗೆ ತಿರುಗಿಸಿ ನಿಲ್ಲಿಸಿ ನೋಡುವಳು. ಇನ್ನೂ ಮೂರು ವರ್ಷವಿದೆ, ಏರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವಳು.

ಐದನೆಯ ವರ್ಷದ ಮೊದಲಲ್ಲಿ ಊರಿಗೆ ಜ್ವರ ಬಂತು. ಒಬ್ಬರ ಉಸಿರು ಒಬ್ಬರಿಗೆ ತಾಗಿದರೆ ಹರಡುವ ಜ್ವರ. ಕೆಂಜಗಲಿಯ ಬಾಗಿಲು ಹಾಕಿದರು. ಮಕ್ಕಳು ತಂತಮ್ಮ ಅಂಗಳದಲ್ಲೇ ಕೂರಲಿ, ಪಾಠ ಅಲ್ಲಿಗೇ ಬರುತ್ತದೆ ಎಂದು ಸಾರಿದರು. ಗುಡ್ಡದಿಂದ ಓಣಿಯವರೆಗೆ ಒಂದೊಂದು ಕೂಗಳತೆಗೆ ಒಂದೊಂದು ಕಲ್ಲು ನೆಟ್ಟು, ಅದರ ಮೇಲೆ ಕೂಗುವವರನ್ನು ನಿಲ್ಲಿಸಿದರು. ಗುರುಗಳು ಒಳಗೆ ಒಂದು ಸಾಲು ಹೇಳಿದರೆ ಮೊದಲನೆಯವನು ಕೂಗುವನು, ಅದನ್ನು ಕೇಳಿ ಎರಡನೆಯವನು ಕೂಗುವನು. ಹೀಗೆ ಬೆಳಗಿನ ಪಾಠ ಬಿಸಿಲೇರುವ ಹೊತ್ತಿಗೆ ಚಾಪೆಯವ್ವನ ಅಂಗಳ ಮುಟ್ಟುತ್ತಿತ್ತು.

ಆಗ ಒಂದು ವಿಚಿತ್ರ ನಡೆಯಿತು. ಮಗಳಿಗೆ ಪಾಠ ಕೇಳಿಸತೊಡಗಿತು. ಕಂಬವಿಲ್ಲ, ಮುಂದೆ ಯಾರ ತಲೆಯೂ ಇಲ್ಲ. ಅವ್ವ ಹೆಣೆದ ಚಾಪೆಯ ಮೇಲೆ ಕೂತು ಒಂದೊಂದು ಮಾತನ್ನೂ ಹಿಡಿದಳು. ಕೆರೆಯ ಏರಿ ಯಾಕೆ ಬಾಗಿರುತ್ತದೆ, ತೂಬಿನ ಕಲ್ಲು ಎಷ್ಟು ಎತ್ತಿದರೆ ಎಷ್ಟು ನೀರು, ಮೇಲಿನ ಗದ್ದೆಯವನ ದುರಾಸೆಗೆ ಯಾವ ಮಟ್ಟದಲ್ಲಿ ತಡೆ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಅಂಗಳದಲ್ಲಿ ಸಣ್ಣ ಕಾಲುವೆ ತೋಡಿ ಚೊಂಬಿನ ನೀರು ಬಿಟ್ಟು ನೋಡುವಳು. ಚಾಪೆಯವ್ವ ಗೋಡೆಯ ಮಗ್ಗದ ಮುಂದೆ ನಿಂತು ಅದನ್ನು ನೋಡಿ ಹಿಗ್ಗಿದಳು. ಏಳು ವರ್ಷದಲ್ಲಿ ಅವಳು ಸಂತೋಷಪಟ್ಟಿದ್ದರೆ ಆ ದಿನಗಳಲ್ಲೇ.

ಮಗಳಿಗೆ ಸಂದೇಹಗಳೂ ಹುಟ್ಟಿದವು. ಒಂದು ದಿನ ಅವಳು ಓಣಿಯ ಕಲ್ಲಿನ ಹತ್ತಿರ ಹೋಗಿ, ಇದೊಂದನ್ನು ಗುರುಗಳಿಗೆ ಕೇಳಿಸಿ ಎಂದಳು. ಕೂಗುವವನು ಒಳ್ಳೆಯವನೇ. ತಮ್ಮದು ಇಳಿಜಾರಿನ ಕೂಗು, ಮೇಲಕ್ಕೆ ಕೂಗಲು ತಮಗೆ ಅಪ್ಪಣೆಯಿಲ್ಲ ಎಂದು ಕೈಮುಗಿದ. ಸಂದೇಹಗಳು ಅವಳಲ್ಲೇ ಉಳಿದವು, ಒಂದಷ್ಟಕ್ಕೆ ಅವಳೇ ಉತ್ತರ ಕಂಡುಕೊಂಡಳು.

ಪಾಠ ಅಂಗಳಕ್ಕೆ ಬಂದ ಮೇಲೆ ಅದು ಎಲ್ಲರ ಕಿವಿಗೂ ಬಿತ್ತು. ಕೆಂಜಗಲಿಗೆ ಸೇರದ ಮಕ್ಕಳೂ ಕೇಳಿದರು, ಎಮ್ಮೆ ಮೇಯಿಸುವವರೂ ಕೇಳಿದರು. ನಿಂತವರಿಗೆ ಆಗ ಒಂದು ಮಾತು ಹೊಳೆಯಿತು. ಅವರೆಲ್ಲ ಊದಿದ ಕಾಲು ಎಳೆದುಕೊಂಡು ಗುಡ್ಡ ಹತ್ತಿದರು. ಮಾತಾಡಲು ಚಾಪೆಯವ್ವನನ್ನೇ ಮುಂದೆ ತಳ್ಳಿದರು.

“ನನ್ನ ಮಗಳು ನನ್ನ ಅಂಗಳದಾಗೆ, ನಾನು ಹೆಣೆದ ಚಾಪೆ ಮ್ಯಾಲೆ ಕೂತವ್ಳೆ,” ಎಂದಳು ಅವಳು. “ನಿಮ್ಮ ನೆಲ ನಿಮ್ಮತ್ರಾನೇ ಐತೆ. ನಾನ್ಯಾಕೆ ನಿಂತಿರ್ಬೇಕು?”

ಬಾಗಿಲು ಕಾಯುವವನು ಒಳಗೆ ಹೋಗಿ ಕೇಳಿಕೊಂಡು ಬಂದ. “ಅವಳ ಜಾಗ ಇಲ್ಲೇ ಐತಲ್ಲವ್ವ, ಖಾಲಿ. ಖಾಲಿ ಜಾಗಕ್ಕೂ ಯಾರಾದ್ರೂ ನಿಲ್ಲಬೇಕು. ಪಾಠ ಎಲ್ಲಾರ್ದು, ನೆಲ ಮಾತ್ರ ಕೂತವರ್ದು. ಬ್ಯಾಡ ಅಂದ್ರೆ ಈಗ್ಲೇ ಕೂತ್ಕೊ. ನಿನ್ನ ಮಗಳ ಹೆಸರು ಹೊಡೆದು ಹಾಕ್ತೀವಿ.”

ಕೆಲವರು ಅಲ್ಲೇ ಕೂತುಬಿಟ್ಟರು. ನಾಲ್ಕು ವರ್ಷದ ಮೇಲೆ ನೆಲ ಮುಟ್ಟಿದವರು, ಅವರ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೆ ಬಂತು. ಚಾಪೆಯವ್ವನ ಮಂಡಿಯೂ ಒಂದು ಗಳಿಗೆ ಸಡಿಲಾಯಿತು. ಆದರೆ ನಿಂತ ನಾಲ್ಕು ವರ್ಷ ನೆನಪಾಯಿತು. ಈಗ ಕೂತರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಅವಳು ತಿರುಗಿ ಇಳಿದು ಮನೆಗೆ ಬಂದು ಮಗ್ಗದ ಮುಂದೆ ನಿಂತಳು.

ಇಷ್ಟಾದ ಮೇಲೆ ಕೆಂಜಗಲಿಯವರಿಗೂ ಸ್ವಲ್ಪ ಮುಜುಗರವಾಯಿತೆಂದು ಕಾಣುತ್ತದೆ. ಪ್ರತಿ ಮನೆಗೂ ಒಂದು ಗಂಟು ಕೆಮ್ಮಣ್ಣು ಕಳಿಸಿ, ಅಂಗಳ ಸಾರಿಸಿ ಅದರ ಮೇಲೆ ಕೂರಿಸಿ ಎಂದರು. ಸಾರಿಸಿ ಕೂರಿಸಿದರೆ ಬಟ್ಟೆ ಕೆಂಪಾಯಿತು, ಒಗೆದರೆ ಆ ಹೊಸ ಕೆಂಪು ಬಿಟ್ಟುಹೋಯಿತು. ಗುಡ್ಡದ ಮೇಲೆ ಬಿಡದ ಕೆಂಪು ಓಣಿಯಲ್ಲಿ ಯಾಕೆ ಬಿಡುತ್ತದೆ ಎಂದು ಯೋಚಿಸಿದವರು ಕಡಿಮೆ. ಜನ ಬಟ್ಟೆ ಒಗೆಯುವುದನ್ನೇ ನಿಲ್ಲಿಸಿದರು. ಓಣಿಯ ತುಂಬ ಮಣ್ಣು ಮೆತ್ತಿದ, ಬೆವರು ನಾರುವ ಮಕ್ಕಳು ಕೂತು ಪಾಠ ಕೇಳುತ್ತಿದ್ದವು.

ಚಾಪೆಯವ್ವನಿಗೆ ಕೊಳಕು ಕಂಡರಾಗದು. ಅವಳೂ ಬಣ್ಣ ಬಲ್ಲವಳೇ, ಚಾಪೆಯ ಕೆಂಪು ಪಟ್ಟೆಗಾಗಿ ಪತಂಗವೆಂಬ ಬಣ್ಣದ ಮರದ ಚಕ್ಕೆ ಕುದಿಸಿ ಜೊಂಡು ಅದ್ದುವವಳು. ಆ ಕೆಂಪು ಮಳೆಗೂ ಬಿಡುತ್ತಿರಲಿಲ್ಲ. ಅವಳು ನಿಂತಲ್ಲೇ ಬಹಳ ದಿನ ಯೋಚಿಸಿದಳು. ಮೋಸವೇ? ಕೂತದ್ದು ಸುಳ್ಳಲ್ಲ, ಕೇಳಿದ್ದು ಸುಳ್ಳಲ್ಲ, ತಾನು ನಿಂತದ್ದಂತೂ ಸುಳ್ಳಲ್ಲ. ಕೆಂಪು ಯಾವ ಸೌದೆಯಿಂದ ಬಂದರೇನು? ಮನಸ್ಸು ಒಪ್ಪಿದ ದಿನ ಅವಳು ತನ್ನ ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಸುರಿದು, ಮಗಳು ಕೂರಲೆಂದು ಪೂರಾ ಕೆಂಪಿನ ಒಂದು ಚಾಪೆ ಹೆಣೆದಳು. ಎಳೆಗೆ ಎಳೆ ಹೊಂದಿಸಿ, ನೀರು ಹನಿಸಿದರೂ ಕೆಳಗಿಳಿಯದಷ್ಟು ಬಿಗಿಯಾಗಿ ಹೆಣೆದಳು. ದಿನವೂ ಬೆಳಿಗ್ಗೆ ಅದಕ್ಕೆ ಬಣ್ಣದ ನೀರು ಚಿಮುಕಿಸಿ ಮಗಳನ್ನು ಕೂರಿಸಿದಳು. ಆರು ತಿಂಗಳಲ್ಲಿ ಬಟ್ಟೆಗೆ ಕೆಂಪು ಹತ್ತಿತು. ಒಗೆದಳು, ಬಿಡಲಿಲ್ಲ. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಏಳು ವರ್ಷ ತುಂಬಿತು. ಜ್ವರವೂ ಕಳೆಯಿತು. ತೂಬು ನೋಡುವವರನ್ನು ಆರಿಸುತ್ತೇವೆಂದು ಗುಡ್ಡದಿಂದ ಕೂಗು ಬಂದಿತು. ಚಾಪೆಯವ್ವ ಮಗಳ ತಲೆ ಬಾಚಿ ಹೂ ಮುಡಿಸಿ, ತಾನೂ ಗಂಜಿಯ ಸೀರೆ ಉಟ್ಟು, ಜೊತೆಗೆ ನಡೆದಳು. ಅವಳ ಕಾಲು ಆಗ ಕಂಬದಷ್ಟು ಊದಿತ್ತು. ಗುಡ್ಡ ಹತ್ತುವಾಗ ಮಗಳು ಮೂರು ಸಲ ನಿಂತು ಕಾದಳು.

ಕೆಂಜಗಲಿಯ ಒಳಗೆ ಮೂವರು ನೋಡುವವರು ಕೂತಿದ್ದರು. ನೋಡುವುದೇ ಅವರ ಕೆಲಸ. ಮಗಳ ಮುಂದೆ ದೊಡ್ಡಮನೆಯ ಒಬ್ಬ ತರುಣನಿದ್ದ. ಜ್ವರದ ವರ್ಷಗಳಲ್ಲಿ ಅವನು ಪಾಠದ ಹೊತ್ತಿಗೆ ಮಲಗಿರುತ್ತಿದ್ದನೆಂದು ಊರಿಗೇ ಗೊತ್ತು. ತಿರುಗಿ ನಿಂತ. ಅವನ ಬಟ್ಟೆಯ ಹಿಂದೆ ಅಜ್ಜನ ಹಳೆಯ ಪಂಚೆಯಿಂದ ಕತ್ತರಿಸಿದ ಕೆಂಪು ತುಂಡನ್ನು ಅಂದವಾಗಿ ಹೊಲಿದಿದ್ದರು. ಹೊಲಿಗೆ ನೋಡಿದರೂ ಅವರು ಅದನ್ನು ಮೋಸ ಎನ್ನಲಿಲ್ಲ, ವಂಶ ಎಂದರು. ಅವನನ್ನು ಒಂದು ಕಡೆ ನಿಲ್ಲಿಸಿಕೊಂಡರು.

ಮಗಳನ್ನು ಕರೆದು ತಿರುಗಿ ನಿಲ್ಲು ಎಂದರು.

ಅವಳು ತಿರುಗಲಿಲ್ಲ. “ಅಯ್ನೋರೇ, ಮೊದ್ಲು ನನ್ನ ಕೇಳಿ,” ಎಂದಳು. “ನೀವು ಕೂಗಿಸಿದ್ದನ್ನೆಲ್ಲ ಕಲ್ತಿವ್ನಿ. ಒಂದಾದ್ರೂ ಕೇಳಿ.”

ಮೂವರೂ ಮುಖ ಮುಖ ನೋಡಿಕೊಂಡರು. ಅವರಿಗೆ ಸಿಟ್ಟೇನೂ ಬರಲಿಲ್ಲ. ಕೇಳುವುದು ಹೇಗೆ ಎಂಬುದೇ ಮರೆತಿತ್ತು. ಕಡೆಗೆ ಮೂವರಲ್ಲಿ ಮುದುಕರಾದವರು ಕಣ್ಣು ಮುಚ್ಚಿ, ತಾವು ಹುಡುಗರಾಗಿದ್ದಾಗ ಕಲಿತದ್ದನ್ನು ಕೆದಕಿ ಕೆದಕಿ ಒಂದು ಪ್ರಶ್ನೆ ತೆಗೆದರು. ಕೆರೆಯಲ್ಲಿ ಅರ್ಧ ನೀರಿದೆ, ಕಾಲುವೆಗೆ ಹತ್ತು ಗದ್ದೆ, ಎಲ್ಲಿಂದ ಬಿಡುತ್ತೀ?

“ಕೊನೇ ಗದ್ದೆಯಿಂದ,” ಎಂದಳು ಮಗಳು. “ಮೇಲಿನ ಗದ್ದೆಗೆ ನೀರು ಹೋಗೋ ಮಡೆಗಳನ್ನೆಲ್ಲ ಮುಚ್ಚಿ ಮೊದ್ಲು ಕೊನೆಯೋರ್ಗೆ ತಲುಪಿಸ್ಬೇಕು. ಮೇಲಿಂದ ಬಿಟ್ಟುಕೊಂಡು ಬಂದ್ರೆ ಕೆಳಗಿನೋರ್ಗೆ ಯಾವತ್ತೂ ಮುಟ್ಟಲ್ಲ.” ಹೇಳಿ, ಎಷ್ಟು ಹೊತ್ತು, ಎಷ್ಟು ಎತ್ತರ ಎಂಬುದನ್ನೂ ಬೆರಳು ಮಡಿಸಿ ವಿವರಿಸಿದಳು.

ಬಾಗಿಲಲ್ಲಿ ನಿಂತ ಚಾಪೆಯವ್ವನಿಗೆ ಕಣ್ಣು ತುಂಬಿ ಬಂತು. ನೋಡುವವರು ತಲೆ ಹತ್ತಿರ ಮಾಡಿ ಪಿಸುಗುಟ್ಟಿದರು. ಉತ್ತರ ಸರಿಯೋ ತಪ್ಪೋ ಎಂದು ಮೂವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಮುದುಕರು ಬಹಳ ಮೃದುವಾಗಿ, ಚೆನ್ನಾಗಿ ಹೇಳಿದೆಯಮ್ಮ, ಈಗ ತಿರುಗು ಎಂದರು.

ಮಗಳು ತಿರುಗಿದಳು. ಕೆಂಪಿತ್ತು, ಗಾಢವಾಗಿ ಇತ್ತು. ಒಬ್ಬರು ತಲೆಯಾಡಿಸಿದರು ಕೂಡ. ಎರಡನೆಯವರು ಬಾಗಿ ಹತ್ತಿರದಿಂದ ನೋಡಿದರು. ಕೆಂಪಿನ ತುಂಬ ಸಣ್ಣ ಸಣ್ಣ ಗೆರೆ, ಜೊಂಡಿಗೆ ಜೊಂಡು, ಎಳೆಗೆ ಎಳೆ. ನೆಲಕ್ಕೆ ಎಳೆಯಿರುವುದಿಲ್ಲ. ಚಾಪೆಯವ್ವ ಒಂದಿಷ್ಟು ಸಡಿಲವಾಗಿ, ಒಂದಿಷ್ಟು ಕೆಟ್ಟದಾಗಿ ಹೆಣೆದಿದ್ದರೆ ಬಣ್ಣ ಕದಡಿಕೊಂಡು ನೆಲದ ಕೆಂಪಿನ ಹಾಗೇ ಕಾಣುತ್ತಿತ್ತೇನೋ. ಅವಳು ಕೆಟ್ಟದಾಗಿ ಹೆಣೆಯುವುದನ್ನು ಕಲಿತಿರಲಿಲ್ಲ.

“ಇದು ಚಾಪೆಯ ಕೆಂಪು,” ಎಂದರು ಅವರು.

ಅಲ್ಲಿಗೆ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಜ್ಜನ ಪಂಚೆಯ ತರುಣನಿಗೆ ತೂಬಿನ ಕೋಲು ಕೊಟ್ಟರು. ಅವನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಎಲ್ಲರಿಗೂ ನಮಸ್ಕಾರ ಮಾಡಿದ.

ತಾಯಿ ಮಗಳು ಹೊರಗೆ ಬಂದರು. ಮಗಳು ಅಳಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. ಕೆಂಪಿನ ಜೊತೆ ಚಾಪೆಯ ಎಳೆಯೂ ಮೂಡಿದೆ ಎಂದು ಅವಳಿಗೂ ಅಲ್ಲಿಯೇ ತಿಳಿದದ್ದು. ಬೈಯಲಿಲ್ಲ. ಬೈದಿದ್ದರೆ ಚಾಪೆಯವ್ವನಿಗೆ ಹಗುರಾಗುತ್ತಿತ್ತು. ಏಳು ವರ್ಷ ಕಾಲಿಗೆ ಬಾರದ ಸೋಲು ಈಗ ಬಂತು, ಸತ್ತುಹೋದರೆ ಸಾಕು ಎನ್ನಿಸಿತು ಅವಳಿಗೆ.

ಬಾಗಿಲ ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು ಹಾಕಿತ್ತು. ನಿಂತವರ ಅವಧಿ ಮುಗಿದಾಗ ಅವರನ್ನು ಅದರ ಮೇಲೆ ಕೂರಿಸಿ, ಕೂತು ಕಲಿತ ಮಗು ಅವರ ಕಾಲು ತೊಳೆಯುವುದು ಅಲ್ಲಿಯ ರೂಢಿ. ಕೆಲಸ ಸಿಗಲಿ ಬಿಡಲಿ, ರೂಢಿ ರೂಢಿಯೇ. ಬಾಗಿಲು ಕಾಯುವವನು ಕಡೆಯ ಸಲ ಅವಳ ಸೀರೆಯನ್ನು ಬಿಸಿಲಿಗೆ ನೋಡಿ, ಇನ್ನು ಕೂರಬಹುದು ಎಂದ. ಮಗಳು ತಂಬಿಗೆಯಲ್ಲಿ ನೀರು ತಂದು ಕಲ್ಲಿನ ಎದುರು ಕಾದಳು.

ಚಾಪೆಯವ್ವ ಕಲ್ಲನ್ನು ನೋಡಿದಳು. ಮಂಡಿ ಬಗ್ಗುತ್ತಿರಲಿಲ್ಲವೆಂದಲ್ಲ, ಬಗ್ಗುತ್ತಿತ್ತು. ಆದರೆ ಕೂತ ಗಳಿಗೆಯಲ್ಲೇ ಎಲ್ಲ ಮುಗಿದುಹೋಗುತ್ತದೆ. ನಿಂತಿರುವತನಕ ಇನ್ನೂ ಏನೋ ನಡೆಯುತ್ತಿದೆ ಎಂದಿಟ್ಟುಕೊಳ್ಳಬಹುದು. ಮಗಳು ಎರಡು ಸಲ ಕರೆದಳು. ಅವಳು ಕೂರಲಿಲ್ಲ.

ಅಲ್ಲೇ ದೊಡ್ಡಮನೆಯ ಪಾರುಪತ್ಯಗಾರ ಕೊಡೆ ಹಿಡಿದು ನಿಂತಿದ್ದ. ಯಜಮಾನರ ಮೊಮ್ಮಗು ಇನ್ನೂ ತೊಟ್ಟಿಲಲ್ಲಿತ್ತು. ಅದಕ್ಕೆ ಕೆಂಜಗಲಿಯಲ್ಲಿ ಜಾಗ ಹಿಡಿಯಲು ಈಗಿನಿಂದಲೇ ಒಬ್ಬರನ್ನು ನಿಲ್ಲಿಸಬೇಕಾಗಿತ್ತು. ಅವಧಿ ಮುಗಿದು ಹೊರಗೆ ಬರುವವರನ್ನು ಅವನು ಒಬ್ಬೊಬ್ಬರಾಗಿ ನೋಡುತ್ತಿದ್ದ. ಚಾಪೆಯವ್ವನ ಹತ್ತಿರ ಬಂದು ಅವನು ತಿರುಗಿ ನಿಲ್ಲು ಎನ್ನಲಿಲ್ಲ. ಕುಕ್ಕರಿಸಿ, ಅವಳ ಕಾಲನ್ನು ನೋಡಿದ. ಹೆಬ್ಬೆರಳಿನಿಂದ ಮೀನಖಂಡವನ್ನು ಒತ್ತಿದ. ಗುಳಿ ಬಿದ್ದು ಹಾಗೇ ಉಳಿಯಿತು.

ಎಷ್ಟು ವರ್ಷ ಎಂದು ಕೇಳಿದ. ಏಳು ಎಂದಳು. ನಡುವೆ ಒಂದು ದಿನವೂ ಕೂತಿಲ್ಲವೇ? ಇಲ್ಲ. ಜ್ವರ ಬಂದಾಗ? ಗೋಡೆಗೆ ಒರಗಿ ನಿಂತಿದ್ದೆ. ಭಾರ ಯಾವ ಕಾಲಿನ ಮೇಲೆ ಬಿಡುತ್ತೀ? ಬೆಳಿಗ್ಗೆ ಎಡಗಾಲು, ಮಧ್ಯಾಹ್ನದ ಮೇಲೆ ಬಲಗಾಲು, ಹಿಮ್ಮಡಿ ಊರಬಾರದು. ಕಣ್ಣು ಕತ್ತಲೆ ಬಂದರೆ? ನಾಲಗೆ ಕಚ್ಚಿಕೊಳ್ಳಬೇಕು. ಅವನು ಒಂದೊಂದೇ ಕೇಳಿದ, ಅವಳು ಒಂದಕ್ಕೂ ತಡವರಿಸಲಿಲ್ಲ. ನಿನಗೇನು ಗೊತ್ತು ಎಂದು ಅವಳನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಉತ್ತರ ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಯಿತು, ಮುಖದಲ್ಲಿ ಕಳೆ ಬಂತು. ಪಾರುಪತ್ಯಗಾರ ಎದ್ದು, ಇವಳೇ ಸರಿ, ಇಂದಿನಿಂದಲೇ ಬರಲಿ ಎಂದ.

ಮಗಳು ತಂಬಿಗೆ ಇಟ್ಟು ಓಡಿಬಂದು ಅವ್ವನ ಸೆರಗು ಹಿಡಿದಳು. “ಬ್ಯಾಡ ಕಣವ್ವ. ನಾನು ಚಾಪೆ ಹೆಣೀತೀನಿ. ನೀನು ಬಂದು ಕೂತ್ಕೊ. ನಿನ್ನ ಕಾಲ್ಗೆ ಬೀಳ್ತೀನಿ, ಕೂತ್ಕೊ.”

ಚಾಪೆಯವ್ವ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ದನಿಯಲ್ಲಿ ಒಂದು ಬಗೆಯ ಹೆಮ್ಮೆಯಿತ್ತು, ಅದನ್ನು ಕೇಳಿ ಮಗಳು ಹೆದರಿದಳು.

“ಸುಮ್ಕಿರು ಮಗಾ,” ಎಂದಳು. “ಏಳು ವರ್ಸ ಕಲ್ತಿದ್ದು ದಂಡ ಆಗ್ಲಿಲ್ಲ. ಇಬ್ಬರಲ್ಲಿ ಒಬ್ಬರಿಗಾದ್ರೂ ಕೆಲಸ ಸಿಕ್ತಲ್ಲ.”